ವಿಕಲಚೇತನ ಮಕ್ಕಳ ಶಿಕ್ಷಣ: ಪೋಷಕರ ಹಕ್ಕು, ಅನುಸರಿಸಬೇಕಾದ ಕ್ರಮ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಪ್ರತಿ ವರ್ಷ ಶಾಲಾ ದಾಖಲಾತಿ ಆಂದೋಲನದ ಸಮಯದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ ಬರುವ ಅಹವಾಲುಗಳಲ್ಲಿ ಒಂದು ಬಗೆಯದು ಬಹಳ ಮೆಲುದನಿಯದಾಗಿರುತ್ತದೆ. ರಸ್ತೆ, ಚರಂಡಿ, ಬೀದಿದೀಪಗಳ ಬಗ್ಗೆ ಜನರು ಗಟ್ಟಿಯಾಗಿ ಕೇಳುತ್ತಾರೆ. ಆದರೆ ನಡೆಯಲಾಗದ, ಕಿವಿ ಕೇಳಿಸದ ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವಿನ ತಾಯಿಯು ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. "ಮುಂದಿನ ವರ್ಷ ನೋಡೋಣ ಅಂದರು", "ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆಯಂತೆ, ಅಲ್ಲಿಗೆ ಹೋಗಿ ಅಂದರು", "ಹೆಸರು ಬರೆದುಕೊಂಡಿದ್ದಾರೆ, ಕಳಿಸಬೇಡಿ ಅಂದರು": ಆಕೆಯ ಮಾತು ಹೆಚ್ಚಾಗಿ ಈ ಮೂರರಲ್ಲಿ ಒಂದಾಗಿರುತ್ತದೆ. ಕೇಳಿದ ಸದಸ್ಯರು ಸಹಾನುಭೂತಿಯಿಂದ ಮಾಸಾಶನದ ಅರ್ಜಿಯನ್ನು ಬರೆಸಿಕೊಡುತ್ತಾರೆ. ಮಾಸಾಶನ ಬರುತ್ತದೆ, ಮಗು ಮನೆಯಲ್ಲಿಯೇ ಉಳಿಯುತ್ತದೆ.

ಈ ಮೂರು ಉತ್ತರಗಳಲ್ಲಿ ಯಾವುದನ್ನೂ ಕೊಡುವ ಅಧಿಕಾರವು ಶಾಲೆಗೆ ಇಲ್ಲ. ಪ್ರವೇಶ ಕೊಡಬೇಕೇ ಬೇಡವೇ ಎಂಬುದು ಮುಖ್ಯೋಪಾಧ್ಯಾಯರ ವಿವೇಚನೆಗೆ ಬಿಟ್ಟ ವಿಷಯವಲ್ಲ. ಯಾವ ಬಗೆಯ ಶಾಲೆ ಎಂಬುದನ್ನು ಆರಿಸುವ ಹಕ್ಕು ಮಗುವಿನದು, ಅದರ ಪರವಾಗಿ ಪೋಷಕರದು. ಈ ಒಂದು ಸಂಗತಿಯು ಸದಸ್ಯರಿಗೆ ಖಚಿತವಾಗಿ ತಿಳಿದಿದ್ದರೆ ಅನೇಕ ಪ್ರಕರಣಗಳು ಒಂದು ದೂರವಾಣಿ ಕರೆಯಲ್ಲಿಯೇ ಇತ್ಯರ್ಥವಾಗುತ್ತವೆ. ಇತ್ಯರ್ಥವಾಗದ ಪ್ರಕರಣಗಳಲ್ಲಿ ಪಂಚಾಯಿತಿಯೇ ದೂರನ್ನು ಸ್ವೀಕರಿಸಿ ತೀರ್ಮಾನಿಸಬೇಕಾದ ಪ್ರಾಧಿಕಾರವಾಗಿದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಾರದ ವಿಷಯ. ಅದನ್ನು ಮುಂದೆ ವಿವರಿಸಲಾಗಿದೆ.

ಎರಡು ಅಧಿನಿಯಮಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ದೊರೆಯಬೇಕೆಂಬುದು ಇದರ ತಿರುಳು. ಆರಂಭದಲ್ಲಿ ಈ ಅಧಿನಿಯಮದಲ್ಲಿ ವಿಕಲಚೇತನ ಮಕ್ಕಳ ಸ್ಥಾನವು ಸ್ಪಷ್ಟವಾಗಿರಲಿಲ್ಲ. 2012ರ ತಿದ್ದುಪಡಿಯು ಅವರನ್ನು 'ಅವಕಾಶವಂಚಿತ ಗುಂಪಿಗೆ ಸೇರಿದ ಮಗು' ಎಂಬ ವ್ಯಾಖ್ಯೆಯೊಳಗೆ ಸೇರಿಸಿತು. ಅಂದಿನಿಂದ ಅಧಿನಿಯಮದ ಎಲ್ಲ ರಕ್ಷಣೆಗಳೂ ಅವರಿಗೆ ಹೆಸರಿಟ್ಟು ಅನ್ವಯಿಸುತ್ತವೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶೈಕ್ಷಣಿಕ ವರ್ಷ ಆರಂಭವಾಗಿ ತಡವಾಯಿತೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಪ್ರವೇಶಕ್ಕೆ ಮುನ್ನ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವಂತಿಲ್ಲ. 'ನಿನ್ನ ಹೆಸರು ಬರೆದು ತೋರಿಸು, ಬಂದರೆ ಸೇರಿಸಿಕೊಳ್ಳೋಣ' ಎಂಬುದು ಸಹ ಅಧಿನಿಯಮದ ದೃಷ್ಟಿಯಲ್ಲಿ ಪರೀಕ್ಷೆಯೇ ಆಗಿದ್ದು, ಮೊದಲ ಉಲ್ಲಂಘನೆಗೆ 25,000 ರೂ.ವರೆಗೆ, ನಂತರದ ಪ್ರತಿಯೊಂದಕ್ಕೆ 50,000 ರೂ.ವರೆಗೆ ದಂಡಕ್ಕೆ ಅವಕಾಶವಿದೆ. ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಲಾಗಿದೆ. ಮಗುವಿನ ನ್ಯೂನತೆಯನ್ನೇ ಅಡ್ಡಹೆಸರಾಗಿ ಕರೆಯುವ ರೂಢಿಯು ಎರಡನೆಯದರ ವ್ಯಾಪ್ತಿಗೆ ಬರುತ್ತದೆ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಎರಡನೆಯದು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016. ಇದು 19-4-2017ರಿಂದ ಜಾರಿಗೆ ಬಂದಿದ್ದು, 1995ರ ಹಳೆಯ ಅಧಿನಿಯಮದ ಸ್ಥಾನವನ್ನು ಪಡೆದಿದೆ. ಹಳೆಯ ಅಧಿನಿಯಮದಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು, ಈಗ ಇಪ್ಪತ್ತೊಂದು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ನ್ಯೂನತೆ, ಸ್ನಾಯುಕ್ಷಯ, ಥಲಸ್ಸೇಮಿಯಾ, ಹಿಮೋಫಿಲಿಯಾ, ಕುಡುಗೋಲು ಕಣ ರೋಗ, ಆಸಿಡ್ ದಾಳಿಯ ಸಂತ್ರಸ್ತತೆ ಇವೆಲ್ಲ ಹೊಸದಾಗಿ ಸೇರಿದಂಥವು. ಆದುದರಿಂದ 'ನೋಡಲು ಚೆನ್ನಾಗಿಯೇ ಇದ್ದಾನೆ, ಓದಲು ಸೋಮಾರಿ' ಎಂದು ಊರು ತೀರ್ಮಾನಿಸಿದ ಹುಡುಗನು ಅಕ್ಷರಗಳನ್ನು ಗುರುತಿಸುವಲ್ಲಿಯೇ ತೊಡಕುಳ್ಳವನಾಗಿದ್ದರೆ, ಕಾನೂನಿನ ರಕ್ಷಣೆ ಅವನಿಗೂ ಇದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅಧಿನಿಯಮವು ವಿಕಲಚೇತನ ವ್ಯಕ್ತಿ ಮತ್ತು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದ ನ್ಯೂನತೆಯುಳ್ಳ ವ್ಯಕ್ತಿ ಎಂಬ ಎರಡು ವರ್ಗಗಳನ್ನು ಮಾಡುತ್ತದೆ. ಎರಡನೆಯದನ್ನು ಮಾನದಂಡ ನ್ಯೂನತೆ ಎಂದು ಕರೆಯಲಾಗುತ್ತದೆ. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ (ಪ್ರಕರಣ 31), ಉಚಿತ ಕಲಿಕಾ ಸಾಮಗ್ರಿ, ವಿದ್ಯಾರ್ಥಿವೇತನ ಇವು ಮಾನದಂಡ ನ್ಯೂನತೆಯುಳ್ಳವರಿಗೆ ಸಲ್ಲುತ್ತವೆ. ಆದರೆ ತಾರತಮ್ಯವಿಲ್ಲದೆ ಪ್ರವೇಶ, ಕಟ್ಟಡಕ್ಕೆ ಸುಗಮ ಪ್ರವೇಶ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಇವುಗಳನ್ನು ವಿಧಿಸುವ ಪ್ರಕರಣ 16ರಲ್ಲಿ ಶೇಕಡಾವಾರು ಪ್ರಮಾಣದ ಮಾತೇ ಇಲ್ಲ. ಶೇ. 30ರಷ್ಟು ಶ್ರವಣದೋಷವಿರುವ ಬಾಲಕಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುವುದಕ್ಕೆ ಆಕೆಯ ಬಳಿ ಗುರುತಿನ ಚೀಟಿ ಇರಬೇಕಾಗಿಲ್ಲ. ಪ್ರಕರಣ 16 ಸರ್ಕಾರಿ ಶಾಲೆಗಳಿಗೆ ಮಾತ್ರವಲ್ಲದೆ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಸಂಬಂಧಿಸಿದ್ದರಿಂದ, ಮಾನ್ಯತೆ ಪಡೆದ ಖಾಸಗಿ ಶಾಲೆಯು ತನಗಿದು ಅನ್ವಯಿಸದು ಎನ್ನಲಾಗದು.

ಪ್ರಮಾಣಪತ್ರದ ಗೊಂದಲ

'ಮೊದಲು ಸರ್ಟಿಫಿಕೇಟ್ ತನ್ನಿ, ಆಮೇಲೆ ಅಡ್ಮಿಷನ್' ಎಂಬ ಮಾತು ಪೋಷಕರ ಒಂದು ವರ್ಷವನ್ನು ತಿಂದುಹಾಕುತ್ತದೆ. ಪ್ರವೇಶಕ್ಕೆ ವೈದ್ಯಕೀಯ ಪ್ರಮಾಣಪತ್ರವು ಷರತ್ತಲ್ಲ. ಆಧಾರ್ ಸಹ ಷರತ್ತಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್‌ನಲ್ಲಿ ನೀಡಿದ ಆಧಾರ್ ತೀರ್ಪಿನಲ್ಲಿ ಹೇಳಿದೆ. ಮಗುವನ್ನು ಮೊದಲು ದಾಖಲಿಸಿಕೊಂಡು, ದಾಖಲೆಗಳನ್ನು ಒದಗಿಸಲು ಪೋಷಕರಿಗೆ ನೆರವಾಗುವುದೇ ಸರಿಯಾದ ಕ್ರಮ.

ಹೀಗಿದ್ದರೂ ಪ್ರಮಾಣಪತ್ರವು ಬೇಕೇ ಬೇಕು. ಸಲಕರಣೆ, ವಿದ್ಯಾರ್ಥಿವೇತನ, ಪರೀಕ್ಷಾ ರಿಯಾಯಿತಿ, ಬಸ್ ಪಾಸ್ ಎಲ್ಲದರ ಬಾಗಿಲು ಅದರಿಂದಲೇ ತೆರೆಯುತ್ತದೆ. ಈಗ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿ ಎರಡಕ್ಕೂ ಸ್ವಾವಲಂಬನ್ ಜಾಲತಾಣದಲ್ಲಿ ಒಂದೇ ಅರ್ಜಿ ಸಲ್ಲಿಸಲಾಗುತ್ತದೆ. ಭಾವಚಿತ್ರ, ಗುರುತಿನ ದಾಖಲೆ, ವಿಳಾಸದ ದಾಖಲೆ ಇದ್ದರೆ ಅರ್ಜಿಯನ್ನು ಪಂಚಾಯಿತಿ ಕಚೇರಿಯ ಗಣಕಯಂತ್ರದಲ್ಲಿಯೇ ತುಂಬಬಹುದು. ನಂತರ ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಬೆಳೆಯುವ ಮಕ್ಕಳಲ್ಲಿ ನ್ಯೂನತೆಯ ಪ್ರಮಾಣ ಬದಲಾಗುವ ಸಂಭವವಿದ್ದಾಗ ತಾತ್ಕಾಲಿಕ ಪ್ರಮಾಣಪತ್ರವನ್ನು ನೀಡುತ್ತಾರೆ. ಅದರ ಅವಧಿ ಮುಗಿಯುವ ದಿನಾಂಕವನ್ನು ಪೋಷಕರು ಗಮನಿಸದಿದ್ದರೆ ಹತ್ತನೆಯ ತರಗತಿಯ ಪರೀಕ್ಷೆಯ ಹೊಸ್ತಿಲಲ್ಲಿ ತೊಂದರೆಯಾಗುತ್ತದೆ. ಕಲಿಕಾ ನ್ಯೂನತೆಗೆ ಸಾಮಾನ್ಯವಾಗಿ ಮಗುವಿಗೆ ಎಂಟು ವರ್ಷ ತುಂಬಿದ ಬಳಿಕವೇ ಪ್ರಮಾಣಪತ್ರ ದೊರೆಯುತ್ತದೆ. ಅಷ್ಟರವರೆಗೆ ಶಿಕ್ಷಕರು ಕಾಯಬೇಕೆಂದು ಇದರ ಅರ್ಥವಲ್ಲ. ಇಂತಹ ತೊಡಕನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯದೇ ಕರ್ತವ್ಯವೆಂದು ಪ್ರಕರಣ 16 ಹೇಳುತ್ತದೆ.

ನಿಗದಿಪಡಿಸಿದ ಶೇಕಡಾ ಪ್ರಮಾಣ ಸರಿಯಲ್ಲವೆಂದು ಪೋಷಕರಿಗೆ ಅನಿಸಿದರೆ ಪ್ರಕರಣ 59ರಂತೆ ಮೇಲ್ಮನವಿಗೆ ಅವಕಾಶವಿದೆ. ಶೇ. 38 ಎಂದು ಬರೆಸಿಕೊಂಡು ಬಂದ ಕುಟುಂಬವು ಎರಡು ಅಂಕಿಗಳ ಅಂತರದಿಂದ ಎಲ್ಲವನ್ನೂ ಕಳೆದುಕೊಂಡೆವೆಂದು ಸುಮ್ಮನಾಗಬೇಕಾಗಿಲ್ಲ.

ಮಗು ಶಾಲೆಗೆ ಬರುವ ವಯಸ್ಸಿಗೆ ಮುನ್ನವೇ ನ್ಯೂನತೆಯು ಕಣ್ಣಿಗೆ ಬೀಳುವ ಒಂದು ಏರ್ಪಾಡು ಈಗಾಗಲೇ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡುವ ಸಂಕೋಚ ಇನ್ನೂ ಅಲ್ಲಲ್ಲಿ ಉಂಟು. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ವಾರ್ಡಿನ ಸದಸ್ಯರು ಒಟ್ಟಾಗಿ ಹೋಗಿ ಕರೆದರೆ ಈ ಸಂಕೋಚವು ಬಹುಮಟ್ಟಿಗೆ ಬಿಡುತ್ತದೆ.

ಮನೆಯಾಧಾರಿತ ಶಿಕ್ಷಣ ಯಾರ ಆಯ್ಕೆ?

ಪೋಷಕರ ಮುಂದೆ ಮೂರು ದಾರಿಗಳಿವೆ: ನೆರೆಹೊರೆಯ ಸಾಮಾನ್ಯ ಶಾಲೆ, ವಿಶೇಷ ಶಾಲೆ, ಮನೆಯಾಧಾರಿತ ಶಿಕ್ಷಣ. ಮೊದಲಿನ ಎರಡರಲ್ಲಿ ಆಯ್ಕೆಯು ಮಾನದಂಡ ನ್ಯೂನತೆಯುಳ್ಳ ಪ್ರತಿ ಮಗುವಿಗೆ ಸೇರಿದ್ದು. ಸಂಪೂರ್ಣ ಶ್ರವಣದೋಷವಿರುವ ಮಗುವಿಗೆ ಸನ್ನೆ ಭಾಷೆ ಬಲ್ಲ ಶಿಕ್ಷಕರಿರುವ ವಸತಿ ಶಾಲೆಯು ಮೇಲೆಂದು ಕೆಲವು ಪೋಷಕರು ಭಾವಿಸಿದರೆ, ಎಂಟು ವರ್ಷದ ಮಗುವನ್ನು ನೂರಾರು ಕಿಲೋಮೀಟರ್ ದೂರದಲ್ಲಿ ಬಿಡಲಾರೆವೆಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ನ್ಯಾಯವಾದ ನಿಲುವುಗಳೇ. ಸದಸ್ಯರು ಯಾವುದನ್ನೂ ಹೇರಬೇಕಾಗಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಜಿಲ್ಲಾ ಆಸ್ಪತ್ರೆಯಂತಹ ಕಡೆ ತಜ್ಞರ ಅಭಿಪ್ರಾಯ ಪಡೆಯುವಂತೆ ಸೂಚಿಸಿದರೆ ಸಾಕು.

ಮೂರನೆಯ ದಾರಿಯಲ್ಲಿಯೇ ಹೆಚ್ಚಿನ ದುರ್ಬಳಕೆ ಕಂಡುಬರುತ್ತದೆ. 2012ರ ತಿದ್ದುಪಡಿಯು ಬಹುವಿಧ ನ್ಯೂನತೆ ಮತ್ತು ತೀವ್ರ ನ್ಯೂನತೆಯುಳ್ಳ ಮಕ್ಕಳಿಗೆ ಮನೆಯಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕನ್ನೂ ನೀಡಿತು. ಇಲ್ಲಿ ತೀವ್ರ ನ್ಯೂನತೆಯೆಂದರೆ ಶೇ. 80 ಮತ್ತು ಅದಕ್ಕಿಂತ ಹೆಚ್ಚಿನದು. 'ಆರಿಸಿಕೊಳ್ಳುವ ಹಕ್ಕು' ಎಂಬ ಪದಗಳಿಗೆ ತೂಕವಿದೆ. ಹಾಸಿಗೆ ಬಿಟ್ಟು ಏಳಲಾಗದ ಮಗುವೂ ಶಿಕ್ಷಣದಿಂದ ಹೊರಗುಳಿಯಬಾರದೆಂಬ ಉದ್ದೇಶದಿಂದ ತೆರೆದ ಈ ಬಾಗಿಲನ್ನು, ಶಾಲೆಗೆ ಬರಬಲ್ಲ ಮಗುವನ್ನು ಹೊರಗೆ ಕಳುಹಿಸಲು ಬಳಸಲಾಗುತ್ತಿದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮೆದುಳಿನ ಪಾರ್ಶ್ವವಾಯುವಿನಿಂದ ಕಾಲುಗಳ ಮೇಲೆ ಹಿಡಿತವಿಲ್ಲದ, ಆದರೆ ಸ್ಪಷ್ಟವಾಗಿ ಮಾತನಾಡುವ, ಅಣ್ಣನ ಪುಸ್ತಕ ನೋಡಿ ಮಗ್ಗಿ ಕಲಿತ ಒಂಬತ್ತು ವರ್ಷದ ಬಾಲಕಿ. ಶಾಲೆಯ ಶೌಚಾಲಯಕ್ಕೆ ಎರಡು ಮೆಟ್ಟಿಲಿವೆ. ಆ ಎರಡು ಮೆಟ್ಟಿಲುಗಳ ಕಾರಣದಿಂದ ಆಕೆಯ ಹೆಸರು ಮನೆಯಾಧಾರಿತ ಶಿಕ್ಷಣದ ಪಟ್ಟಿಗೆ ಸೇರುತ್ತದೆ. ವಿದ್ಯಾರ್ಥಿ ದಾಖಲೆಯ ತಂತ್ರಾಂಶದಲ್ಲಿ ಆಕೆ 'ದಾಖಲಾದ ಮಗು'. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಯಲ್ಲಿ ಆಕೆಯ ಹೆಸರು ಬರುವುದಿಲ್ಲ. ಅಂಕಿ-ಅಂಶಗಳೆಲ್ಲವೂ ಸರಿಯಾಗಿವೆ, ಬಾಲಕಿ ಮಾತ್ರ ಜಗಲಿಯ ಮೇಲೆ ಕುಳಿತು ಶಾಲೆಗೆ ಹೋಗುವವರನ್ನು ನೋಡುತ್ತಿರುತ್ತಾಳೆ. ಇದು ಶಿಕ್ಷಣದ ಸಮಸ್ಯೆಯೆಂಬುದಕ್ಕಿಂತ ಸಿಮೆಂಟು ಮತ್ತು ಮರಳಿನ ಸಮಸ್ಯೆ, ಅಂದರೆ ಪಂಚಾಯಿತಿಯ ಕೈಯಲ್ಲಿಯೇ ಇರುವ ಸಮಸ್ಯೆ.

ಆದುದರಿಂದ ಮನೆಯಾಧಾರಿತ ಪಟ್ಟಿಯಲ್ಲಿರುವ ಪ್ರತಿ ಮಗುವಿನ ಬಗ್ಗೆ ಸದಸ್ಯರು ಮೂರು ಸಂಗತಿಗಳನ್ನು ವಿಚಾರಿಸುವುದು ಸೂಕ್ತ. ಪೋಷಕರು ತಾವಾಗಿ ಒಪ್ಪಿ ಬರೆದುಕೊಟ್ಟಿದ್ದಾರೆಯೇ, ಅಥವಾ ಬರೆಸಿಕೊಳ್ಳಲಾಗಿದೆಯೇ? ಶಿಕ್ಷಕರು ಅಥವಾ ಸ್ವಯಂಸೇವಕರು ಮನೆಗೆ ವಾಸ್ತವವಾಗಿ ಎಷ್ಟು ಬಾರಿ ಬಂದಿದ್ದಾರೆ? ಇಳಿಜಾರು, ಗಾಲಿಕುರ್ಚಿ ಅಥವಾ ವಾಹನದ ಏರ್ಪಾಡಾದರೆ ಮಗು ಶಾಲೆಗೆ ಬರಬಲ್ಲದೇ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದಲ್ಲಿ ಪಟ್ಟಿಯನ್ನು ಮರುಪರಿಶೀಲಿಸುವಂತೆ ಪೋಷಕರಿಂದ ಒಂದು ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಿಸಬಹುದು. ಆಯ್ಕೆಯು ಒಮ್ಮೆ ಮಾಡಿದರೆ ಶಾಶ್ವತವೆಂದು ಎಲ್ಲಿಯೂ ಹೇಳಿಲ್ಲ.

ಶಾಲೆಯೊಳಗೆ ಏನು ಕೇಳಬಹುದು

2016ರ ಅಧಿನಿಯಮದಲ್ಲಿ ಬರುವ ಬಹುಮುಖ್ಯ ಪರಿಕಲ್ಪನೆ 'ಸಮಂಜಸ ಹೊಂದಾಣಿಕೆ'. ಮಗುವಿಗೆ ಇತರರಂತೆ ಕಲಿಯಲು ಬೇಕಾದ, ಸಂಸ್ಥೆಗೆ ಮಿತಿಮೀರಿದ ಹೊರೆಯಾಗದ ಬದಲಾವಣೆಗಳನ್ನು ಮಾಡಿಕೊಡುವುದೆಂದು ಇದರ ಭಾವಾರ್ಥ. ಇವುಗಳಲ್ಲಿ ಬಹುಪಾಲಿಗೆ ಹಣವೇ ಬೇಕಾಗಿಲ್ಲ. ದೃಷ್ಟಿ ಮಂದವಿರುವ ಮಗುವನ್ನು ಕಪ್ಪುಹಲಗೆಯ ಬಳಿ, ಬೆಳಕಿಗೆ ಬೆನ್ನು ಮಾಡಿ ಕೂರಿಸುವುದು; ಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದುವುದು; ಶ್ರವಣದೋಷವಿರುವ ಮಗುವಿಗೆ ಮುಖ ಕಾಣುವಂತೆ ನಿಂತು ಪಾಠ ಹೇಳುವುದು; ಗಾಲಿಕುರ್ಚಿಯ ಬಾಲಕನ ತರಗತಿಯನ್ನು ಮಹಡಿಯಿಂದ ಕೆಳಗಿನ ಕೊಠಡಿಗೆ ಬದಲಿಸುವುದು; ಬರೆಯುವುದು ನಿಧಾನವಾದರೆ ಬಾಯಿಯಿಂದ ಉತ್ತರ ಕೇಳುವುದು. ಹಣ ಬೇಕಾದವೂ ಇವೆ. ಸಾರಿಗೆಯ ವ್ಯವಸ್ಥೆ, ಹೆಚ್ಚಿನ ಆಸರೆಯ ಅಗತ್ಯವಿರುವ ಮಗುವಿಗೆ ಜೊತೆಗಾರರ ಸಾರಿಗೆ ಸಹ ಪ್ರಕರಣ 16ರಲ್ಲಿ ಹೆಸರಿಸಲ್ಪಟ್ಟಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ವಿಕಲಚೇತನ ಬಾಲಕಿಯರಿಗೆ ತಿಂಗಳಿಗೆ 200 ರೂ.ನಂತೆ ಹತ್ತು ತಿಂಗಳ ಪ್ರೋತ್ಸಾಹಧನಕ್ಕೆ ಅವಕಾಶವಿದೆ. ಒಂಬತ್ತು ಮತ್ತು ಹತ್ತನೆಯ ತರಗತಿಯಲ್ಲಿ ಓದುತ್ತಿರುವ, ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂ. ಮೀರದ, ಮಾನದಂಡ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವಿದೆ.

ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಬಿ.ಐ.ಇ.ಆರ್.ಟಿ. ಎಂದರೆ ಎಲ್ಲ ಶಿಕ್ಷಕರಿಗೂ ತಿಳಿಯುತ್ತದೆ. ವೈದ್ಯಕೀಯ ತಪಾಸಣಾ ಶಿಬಿರ, ಸಲಕರಣೆಗಳ ವಿತರಣೆ, ಶಾಲೆಗಳ ಶಿಕ್ಷಕರಿಗೆ ಮಾರ್ಗದರ್ಶನ ಇವರ ಮೂಲಕವೇ ನಡೆಯುತ್ತವೆ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ ಇರುವುದರಿಂದ ಒಬ್ಬೊಬ್ಬರ ಮೇಲೆ ಹತ್ತಾರು ಶಾಲೆಗಳ ಹೊರೆ ಬಿದ್ದಿದೆಯೆಂಬುದನ್ನೂ ಪೋಷಕರು ಅರಿತಿರಬೇಕು. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಸೂಚಿಸಿತು. ಅನುಪಾತಕ್ಕೂ ವಾಸ್ತವಕ್ಕೂ ಇರುವ ದೂರವನ್ನು ಯಾವ ಪಂಚಾಯಿತಿಯೂ ತಾನೇ ಅಳೆಯಬಹುದು.

ಕೆಲವು ದೇಶಗಳಲ್ಲಿರುವಂತೆ ಪೋಷಕರ ಸಹಿಯಿಲ್ಲದೆ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಜಾರಿಗೊಳಿಸುವಂತಿಲ್ಲ ಎಂಬ ಕಟ್ಟುನಿಟ್ಟಿನ ಸಭಾವಿಧಾನವು ನಮ್ಮ ಅಧಿನಿಯಮಗಳಲ್ಲಿ ಇಲ್ಲ. ಇದೊಂದು ಕೊರತೆಯೇ ಸರಿ. ಆದರೂ ಮಗುವಿಗೆ ಅಗತ್ಯವಾದ ವೈಯಕ್ತಿಕ ನೆರವನ್ನು ಒದಗಿಸುವುದು ಮತ್ತು ಅದರ ಪ್ರಗತಿಯನ್ನು ಗಮನಿಸುವುದು ಶಾಲೆಯ ಕರ್ತವ್ಯವಾಗಿರುವುದರಿಂದ, ವರ್ಷದ ಆರಂಭದಲ್ಲಿ ಪೋಷಕರು, ತರಗತಿ ಶಿಕ್ಷಕರು ಮತ್ತು ಸಂಪನ್ಮೂಲ ಶಿಕ್ಷಕರು ಒಮ್ಮೆ ಒಟ್ಟಿಗೆ ಕುಳಿತು, ಈ ವರ್ಷ ಮಗು ಏನನ್ನು ಕಲಿಯಬೇಕು, ಅದಕ್ಕೆ ಯಾರು ಏನು ಮಾಡುತ್ತಾರೆ ಎಂಬುದನ್ನು ಒಂದು ಪುಟದಲ್ಲಿ ಬರೆದಿಡುವಂತೆ ಕೇಳಲು ಪೋಷಕರಿಗೆ ಯಾವ ಅಡ್ಡಿಯೂ ಇಲ್ಲ. ಆ ಪುಟದ ಒಂದು ಪ್ರತಿ ಮನೆಯಲ್ಲಿರಲಿ. ಬಾಯಿಮಾತಿನ ಭರವಸೆಯು ಶಿಕ್ಷಕರ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ತಡಮಾಡಬಾರದು. ಹೆಚ್ಚುವರಿ ಸಮಯ, ಬರಹಗಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಪ್ರಕರಣ 17 ಹೆಸರಿಸಿದೆ. ಮೂರು ಭಾಷೆಗಳನ್ನು ಕಲಿಯಬೇಕಾದ ನಮ್ಮ ಶಾಲೆಗಳಲ್ಲಿ ಶ್ರವಣದೋಷವುಳ್ಳ ಮಗುವಿಗೆ ಕೊನೆಯದು ದೊಡ್ಡ ಆಸರೆ. ಎಸ್.ಎಸ್.ಎಲ್.ಸಿ. ಹಂತದಲ್ಲಿ ಈ ರಿಯಾಯಿತಿಗಳಿಗೆ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಲಿಗೆ ಮುಂಚಿತವಾಗಿ ಅರ್ಜಿ ಹೋಗಬೇಕು. ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ ಪ್ರಯೋಜನವಾಗದು. ಬರಹಗಾರರ ನೆರವಿಗೆ ಶೇ. 40ರ ಮಿತಿಯನ್ನು ಅಡ್ಡ ತರಲಾಗದೆಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಅದು ಸ್ಪರ್ಧಾ ಪರೀಕ್ಷೆಯೊಂದರ ಪ್ರಕರಣವಾದರೂ ಅಲ್ಲಿ ವಿವರಿಸಿದ ಸಮಂಜಸ ಹೊಂದಾಣಿಕೆಯ ತತ್ತ್ವವು ಶಾಲೆಗಳಿಗೂ ದಾರಿ ತೋರಿಸುತ್ತದೆ.

ಇಳಿಜಾರಿನ ಲೆಕ್ಕ

ಪಂಚಾಯಿತಿಯ ಕ್ರಿಯಾಯೋಜನೆಗಳಲ್ಲಿ 'ಶಾಲೆಗೆ ರ‍್ಯಾಂಪ್' ಎಂಬ ಬಾಬ್ತು ಸುಲಭವಾಗಿ ಸೇರುತ್ತದೆ, ಸುಲಭವಾಗಿ ಮುಗಿದೂ ಹೋಗುತ್ತದೆ. ಮುಗಿದ ಮೇಲೆ ಅದರ ಮೇಲೆ ಗಾಲಿಕುರ್ಚಿಯನ್ನು ಯಾರೂ ಹತ್ತಿಸಿ ನೋಡುವುದಿಲ್ಲ. ಅಂಗೀಕೃತ ಮಾನದಂಡದಂತೆ ಇಳಿಜಾರಿನ ಓಟವು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಶಾಲೆಯ ಜಗಲಿಯು ನೆಲದಿಂದ 450 ಮಿ.ಮೀ. ಎತ್ತರವಿದ್ದರೆ ಇಳಿಜಾರಿನ ಉದ್ದ ಕನಿಷ್ಠ 5.4 ಮೀಟರ್ ಆಗುತ್ತದೆ. ಸ್ಥಳದಲ್ಲಿ ಕಾಣುವುದು ಹೆಚ್ಚಾಗಿ ಎರಡು ಮೀಟರ್‌ನ ಜಾರುಬಂಡಿ. ಮಳೆಗಾಲದಲ್ಲಿ ಅದರ ಮೇಲೆ ನಡೆಯುವ ಧೈರ್ಯವು ಕಾಲು ಗಟ್ಟಿಯಿರುವವರಿಗೂ ಬರುವುದಿಲ್ಲ. ಅಗಲವು 1.2 ಮೀಟರ್‌ಗೆ ಕಡಿಮೆಯಿರಬಾರದು, ಎರಡೂ ಬದಿಯಲ್ಲಿ ಕೈಹಿಡಿ ಬೇಕು, ಮೇಲೆ ಮತ್ತು ಕೆಳಗೆ ಗಾಲಿಕುರ್ಚಿ ತಿರುಗುವಷ್ಟು, ಸುಮಾರು ಒಂದೂವರೆ ಮೀಟರ್ ಸಮತಟ್ಟು ಜಾಗ ಬೇಕು, ಉದ್ದ ಹೆಚ್ಚಾದರೆ ನಡುವೆ ತಂಗುಜಾಗ ಬೇಕು, ಮೇಲ್ಮೈ ಒರಟಾಗಿರಬೇಕು. ಜಾಗ ಸಾಲದಿದ್ದರೆ ಇಳಿಜಾರನ್ನು ಗೋಡೆಯ ಗುಂಟ ತಿರುಗಿಸಿ ಕಟ್ಟಬಹುದು. ಶೌಚಾಲಯದ ಬಾಗಿಲಿನ ತೆರವು 900 ಮಿ.ಮೀ. ಇರದಿದ್ದರೆ ಇಳಿಜಾರು ಎಷ್ಟು ಚೆನ್ನಾಗಿದ್ದರೂ ಮಗು ಬಾಗಿಲಲ್ಲಿಯೇ ನಿಲ್ಲುತ್ತದೆ. ಅಂದಾಜುಪಟ್ಟಿಗೆ ಅನುಮೋದನೆ ನೀಡುವ ಮುನ್ನ ಈ ನಾಲ್ಕೈದು ಅಳತೆಗಳನ್ನು ಸದಸ್ಯರು ಕೇಳಿ ತಿಳಿದರೆ, ಕಾಮಗಾರಿ ಮುಗಿದ ಮೇಲೆ ಒಡೆಸುವ ಪ್ರಸಂಗ ಬರುವುದಿಲ್ಲ.

ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕಾದ ಶೇ. 5ರ ಮೊತ್ತವು ವರ್ಷಾಂತ್ಯದಲ್ಲಿ ತರಾತುರಿಯ ಖರೀದಿಯಲ್ಲಿ ಮುಗಿಯುವುದು ಹಲವೆಡೆ ರೂಢಿಯಾಗಿದೆ. ಮಾರ್ಚ್‌ನಲ್ಲಿ ಖರೀದಿಸಿದ ಸಲಕರಣೆಯು ಜೂನ್‌ನಲ್ಲಿ ಶಾಲೆಗೆ ಸೇರಬೇಕಾದ ಮಗುವಿಗೆ ಹೊಂದುತ್ತದೆಯೇ ಎಂಬುದನ್ನು ಮಗುವನ್ನು ನೋಡದೆ ಹೇಳಲಾಗದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಶಾಲಾ ವಯಸ್ಸಿನ ಮಕ್ಕಳ ಪಟ್ಟಿಯನ್ನು ಪಡೆದು, ಅವರ ಅಗತ್ಯವನ್ನು ಬರೆಸಿಕೊಂಡು, ನಂತರ ಖರ್ಚಿನ ಬಾಬ್ತನ್ನು ನಿಗದಿಪಡಿಸಬೇಕು. ವಿ.ಆರ್.ಡಬ್ಲ್ಯೂ. ಎಂದು ಎಲ್ಲರಿಗೂ ಪರಿಚಿತರಾದ ಇವರು ಬಹುತೇಕ ಸ್ವತಃ ವಿಕಲಚೇತನರಾಗಿದ್ದು, ಯಾವ ಮನೆಯಲ್ಲಿ ಯಾವ ಮಗು ಇದೆಯೆಂಬುದು ಕಚೇರಿಯ ಯಾವ ವಹಿಗಿಂತಲೂ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ದೂರು ಬಂದಾಗ

ಮೊದಲು ಮುಖ್ಯೋಪಾಧ್ಯಾಯರಿಗೆ, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ವಾಡಿಕೆಯ ಕ್ರಮ. ಹೆಚ್ಚಿನವು ಅಲ್ಲಿಯೇ ಪರಿಹಾರವಾಗುತ್ತವೆ, ಆಗಬೇಕು ಕೂಡ. ಆದರೆ ಶಿಕ್ಷಣದ ಹಕ್ಕು ಅಧಿನಿಯಮದ ಪ್ರಕರಣ 32 ಇನ್ನೊಂದು ಮಾರ್ಗವನ್ನು ನೇರವಾಗಿ ತೆರೆದಿದೆ. ಮಗುವಿನ ಹಕ್ಕಿಗೆ ಸಂಬಂಧಿಸಿದ ಯಾವುದೇ ಕುಂದುಕೊರತೆಯ ಬಗ್ಗೆ ಯಾವುದೇ ವ್ಯಕ್ತಿಯು ವ್ಯಾಪ್ತಿಯುಳ್ಳ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ದೂರುದಾರರು ತಂದೆತಾಯಿಯೇ ಆಗಿರಬೇಕೆಂದಿಲ್ಲ. ಅಜ್ಜಿಯಾಗಬಹುದು, ನೆರೆಯವರಾಗಬಹುದು, ವಾರ್ಡಿನ ಸದಸ್ಯರೇ ಆಗಬಹುದು. ಪ್ರಾಧಿಕಾರವು ಸಂಬಂಧಪಟ್ಟವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಟ್ಟು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅಧಿನಿಯಮದ ಪ್ರಕರಣ 2ರಲ್ಲಿ ಸ್ಥಳೀಯ ಪ್ರಾಧಿಕಾರದ ವ್ಯಾಖ್ಯೆಯೊಳಗೆ ಪಂಚಾಯಿತಿಯೂ ಸೇರಿದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು, ಅವರ ದಾಖಲಾತಿ ಮತ್ತು ಹಾಜರಾತಿಯನ್ನು ಖಚಿತಪಡಿಸಿ ಗಮನಿಸುವುದು ಪ್ರಕರಣ 9ರಂತೆ ಅದೇ ಪ್ರಾಧಿಕಾರದ ಕರ್ತವ್ಯ.

ಹೀಗಿರುವಾಗ 'ಇದು ಶಿಕ್ಷಣ ಇಲಾಖೆಯ ವಿಷಯ, ನಮಗೆ ಸಂಬಂಧವಿಲ್ಲ' ಎಂಬ ಉತ್ತರವನ್ನು ಪಂಚಾಯಿತಿಯಿಂದ ಯಾವ ಪೋಷಕರೂ ಕೇಳಬಾರದು. ಅರ್ಜಿ ಬಂದ ದಿನವೇ ಸ್ವೀಕೃತಿ ಸಂಖ್ಯೆ ನೀಡಿ ಆವಕ ವಹಿಯಲ್ಲಿ ದಾಖಲಿಸಬೇಕು. ಮೂರು ತಿಂಗಳ ಗಡುವು ಎಣಿಕೆಯಾಗುವುದು ಆ ದಾಖಲೆಯಿಂದಲೇ. ಅರ್ಜಿಯಲ್ಲಿ ಮಗುವಿನ ಹೆಸರು ಮತ್ತು ವಯಸ್ಸು, ಶಾಲೆ, ಯಾವ ದಿನ ಯಾರು ಏನು ಹೇಳಿದರು, ಪೋಷಕರು ಏನನ್ನು ಕೋರುತ್ತಾರೆ ಎಂಬ ವಿವರವಿದ್ದರೆ ಸಾಕು. ಬರೆಯಲು ಬಾರದವರಿಗೆ ಕಚೇರಿಯ ಸಿಬ್ಬಂದಿ ಬರೆದುಕೊಡಬೇಕು. ನಂತರ ಮುಖ್ಯೋಪಾಧ್ಯಾಯರಿಂದ ವಿವರಣೆ ಕೇಳಿ, ಸಾಧ್ಯವಾದರೆ ಅಧ್ಯಕ್ಷರು ಮತ್ತು ವಾರ್ಡಿನ ಸದಸ್ಯರು ಶಾಲೆಗೂ ಮನೆಗೂ ಹೋಗಿ ನೋಡಿ, ಸಾಮಾನ್ಯ ಸಭೆಯಲ್ಲಿ ಕಾರಣಸಹಿತ ನಿರ್ಣಯ ಮಾಡಬೇಕು. ಮಗುವಿನ ವೈದ್ಯಕೀಯ ವಿವರಗಳನ್ನು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದುವ ಅಗತ್ಯವಿಲ್ಲ. ಕುಟುಂಬದ ಮರ್ಯಾದೆಯನ್ನು ಕಾಯುವುದು ನ್ಯಾಯ ಒದಗಿಸುವುದರ ಒಂದು ಭಾಗ. ಶಿಕ್ಷಕರ ಮೇಲೆ ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಪಂಚಾಯಿತಿಗೆ ಇಲ್ಲ ನಿಜ. ಆದರೆ ನಿರ್ಣಯದ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಉಪನಿರ್ದೇಶಕರಿಗೂ ತಲುಪಿದಾಗ ವಿಷಯವು ಒಬ್ಬ ತಾಯಿಯ ಗೋಳಾಗಿ ಉಳಿಯುವುದಿಲ್ಲ, ಕಡತವಾಗುತ್ತದೆ. ಶಿಕ್ಷಕರ ಕಷ್ಟವನ್ನೂ ಕೇಳುವುದು ನ್ಯಾಯ: ಐದು ತರಗತಿಗಳಿಗೆ ಇಬ್ಬರೇ ಇರುವ ಶಾಲೆಯಲ್ಲಿ ಪ್ರವೇಶದ ನಿರಾಕರಣೆಯು ಬಹಳ ಸಲ ದ್ವೇಷದಿಂದಲ್ಲ, ಭಯದಿಂದ ಹುಟ್ಟಿರುತ್ತದೆ. ಮಗು ಬಿದ್ದರೆ ಯಾರು ಹೊಣೆ ಎಂಬ ಅವರ ಪ್ರಶ್ನೆಗೆ ಪಂಚಾಯಿತಿಯೂ ಉತ್ತರದ ಭಾಗವಾಗಬೇಕು.

ಪಂಚಾಯಿತಿಯ ತೀರ್ಮಾನದಿಂದ ತೃಪ್ತರಾಗದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ಸಮಾಂತರವಾಗಿ, 2016ರ ಅಧಿನಿಯಮದಡಿ ವಿಕಲಚೇತನರ ರಾಜ್ಯ ಆಯುಕ್ತರ ಮುಂದೆಯೂ ದೂರು ನೀಡಬಹುದು. ವಿಚಾರಣೆಯ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ. ಅವರು ಮಾಡಿದ ಶಿಫಾರಸಿನ ಮೇಲೆ ಸಂಬಂಧಿಸಿದ ಪ್ರಾಧಿಕಾರವು ಮೂರು ತಿಂಗಳೊಳಗೆ ಕ್ರಮ ಕೈಗೊಂಡು ವರದಿ ಮಾಡಬೇಕು, ಒಪ್ಪದಿದ್ದರೆ ಕಾರಣವನ್ನು ತಿಳಿಸಬೇಕು. ಅಧಿನಿಯಮದ ಉಲ್ಲಂಘನೆಗೆ ಮೊದಲ ಬಾರಿ 10,000 ರೂ.ವರೆಗೆ, ಪುನರಾವರ್ತಿಸಿದರೆ 50,000 ರೂ.ನಿಂದ 5 ಲಕ್ಷ ರೂ.ವರೆಗೆ ದಂಡವಿದೆ. ದಾಖಲೆಗಳು ದೊರೆಯದಿದ್ದಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದು ಮೂವತ್ತು ದಿನಗಳಲ್ಲಿ ಕೆಲಸ ಮಾಡಿಕೊಡುತ್ತದೆ.

ದೂರಿನವರೆಗೆ ಹೋಗದೆ ಶಾಲೆಯೊಳಗಿನಿಂದಲೇ ದನಿ ಎತ್ತುವ ಸ್ಥಾನವೊಂದಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಂತಹ ಶಾಲಾ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅವಕಾಶವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ಪ್ರಮಾಣಾನುಸಾರ ಪ್ರಾತಿನಿಧ್ಯವಿರಬೇಕು ಎಂದು ಶಿಕ್ಷಣದ ಹಕ್ಕು ಅಧಿನಿಯಮ ಹೇಳುತ್ತದೆ. 2012ರ ನಂತರ ವಿಕಲಚೇತನ ಮಕ್ಕಳ ಪೋಷಕರೂ ಈ ಗುಂಪಿನಲ್ಲಿದ್ದಾರೆ. ಸಮಿತಿಯ ರಚನೆಯಾಗುವಾಗ ಅವರಲ್ಲೊಬ್ಬರ ಹೆಸರು ಸೇರಿದೆಯೇ ಎಂದು ಸದಸ್ಯರು ವಿಚಾರಿಸಬಹುದು. ಮಕ್ಕಳ ಗ್ರಾಮಸಭೆಗೂ ಈ ಮಕ್ಕಳನ್ನು ಕರೆತರಬೇಕು; ಸಭೆ ನಡೆಯುವ ಸ್ಥಳವು ಮೆಟ್ಟಿಲೇರದೆ ತಲುಪುವಂತಿರಬೇಕು.

ಹದಿನೆಂಟು ತುಂಬಿದ ಮೇಲೆ

ಮಗುವಿಗೆ ಹದಿನೆಂಟು ತುಂಬುವವರೆಗೆ ತಂದೆತಾಯಿಯರೇ ಸಹಜ ಪಾಲಕರು. ಅದಾದ ಬಳಿಕ, ಬೌದ್ಧಿಕ ನ್ಯೂನತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು ಅಥವಾ ಬಹುವಿಧ ನ್ಯೂನತೆಯುಳ್ಳ ಮಗನ ಅಥವಾ ಮಗಳ ಪರವಾಗಿ ಬ್ಯಾಂಕಿನಲ್ಲಿ, ಆಸ್ತಿಯ ವ್ಯವಹಾರದಲ್ಲಿ ಸಹಿ ಮಾಡಲು ಹೋದಾಗ ಪೋಷಕರಿಗೆ ಅಡ್ಡಿ ಎದುರಾಗುತ್ತದೆ. ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯು ಇಂತಹವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಅರ್ಜಿಯನ್ನು ತಂದೆತಾಯಿಯರೇ ಸಲ್ಲಿಸಬಹುದು. ಇದೇ ನಾಲ್ಕು ಬಗೆಯ ನ್ಯೂನತೆಯುಳ್ಳವರಿಗೆ ಒಂದು ಲಕ್ಷ ರೂ.ವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ. ಅದಕ್ಕೆ ಹದಿನೆಂಟರವರೆಗೆ ಕಾಯಬೇಕಾಗಿಲ್ಲ. ಎರಡರ ಅರ್ಜಿ ನಮೂನೆಗಳ ಬಗ್ಗೆ ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಅಥವಾ ತಾಲ್ಲೂಕು ಪಂಚಾಯಿತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸಬಹುದು.